ಕಂಡಕ್ಟರಮ್ಮನ ಪರೀಕ್ಷೆ

ಅವಳದು ಸುಮ್ಮನಿರುವ ಕೈಯಲ್ಲ. ಯಾರ ಮನೆಗೆ ಹೋದರೂ ಮಾತಾಡುತ್ತ ಕೂತಲ್ಲೇ ಮೇಜಿನ ಮೇಲಿನ ಪೇಪರುಗಳ ಅಂಚು ಸರಿಮಾಡುತ್ತಿದ್ದಳು, ಓರೆಯಾದ ಫೋಟೊವನ್ನು ನೆಟ್ಟಗೆ ಮಾಡುತ್ತಿದ್ದಳು, ಹೊರಡುವಾಗ ಬಾಗಿಲ ಬಳಿಯ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ ನಿಲ್ಲಿಸಿದ ಮೇಲೇ ತನ್ನದನ್ನು ಮೆಟ್ಟುತ್ತಿದ್ದಳು. ಅಣ್ಣ ಅವಳಿಗೆ ಅಚ್ಚುಕಟ್ಟಮ್ಮ ಎಂದು ಹೆಸರಿಟ್ಟಿದ್ದ. ಅಣಕಿಸಲೆಂದು ಇಟ್ಟ ಹೆಸರನ್ನು ಅಮ್ಮ ಹೊಗಳಿಕೆಯೆಂದೇ ತಿಳಿದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಳು. ಹೀಗೆ ಅದು ಹುಡುಗಿಗೆ ಬಿರುದಾಯಿತು. ಬಿರುದು ಸಿಕ್ಕವರು ಅದನ್ನು ಉಳಿಸಿಕೊಳ್ಳಬೇಕಲ್ಲ, ತಾಪತ್ರಯ ಶುರುವಾಗುವುದೇ ಅಲ್ಲಿ.

ಕಾಲೇಜಿನಲ್ಲಿ ಎರಡು ವರ್ಷ ಪರದೇಶದ ಭಾಷೆಯೊಂದನ್ನು ಕಲಿತವರಿಗೆ, ಆ ಭಾಷೆ ಆಡುವ ಜನರ ನಡುವೆಯೇ ಕೆಲವು ವಾರ ಇದ್ದು ಬರುವ ಅವಕಾಶ ಬಂತು. "ಅರ್ಧ ಓದು, ಅರ್ಧ ಸೇವೆ, ಅರ್ಧ ಊರು ನೋಡೋದು" ಎಂದು ಭಾಷೆಯ ಮೇಷ್ಟ್ರು ಸಂಭ್ರಮದಿಂದ ವಿವರಿಸಿದರು. ಮೂರು ಅರ್ಧ ಸೇರಿ ಅದೆಂಥ ಒಂದಾಗುತ್ತದೋ ಎಂದು ಅಣ್ಣ ನಕ್ಕ. ಮೇಷ್ಟ್ರು ನಗಲಿಲ್ಲ. ತಂಡದ ಎಲ್ಲರಿಗೂ ಕಣ್ಣಿಗೆ ಹೊಡೆಯುವ ಹಳದಿ ಬಣ್ಣದ ಟೀ ಶರ್ಟು ಮಾಡಿಸಿ, ಬೆನ್ನ ಮೇಲೆ 'ನೆರವಿಗೆ ನಾವು' ಎಂದು ಅಚ್ಚು ಹಾಕಿಸಿದರು. ಜನಜಂಗುಳಿಯಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಹುಡುಕಲು ಸುಲಭ ಎಂಬುದು ಒಳಗಿನ ಲೆಕ್ಕಾಚಾರ.

ಬೆಳಗಿನ ಹೊತ್ತು ಅವರು ಸೇವೆ ಮಾಡಬೇಕಾಗಿದ್ದದ್ದು ಒಂದು ಕಲಿಕೆಮನೆಯಲ್ಲಿ. ನಡುವಯಸ್ಸಿನಲ್ಲೋ ಮುಪ್ಪಿನಲ್ಲೋ ಕಣ್ಣು ಕಳೆದುಕೊಂಡವರು ಅಲ್ಲಿಗೆ ಬಂದು ಕೆಲವು ತಿಂಗಳು ಇರುತ್ತಿದ್ದರು. ಅಡುಗೆ ಮಾಡುವುದು, ಬಟ್ಟೆ ಒಗೆಯುವುದು, ಕೋಲು ಹಿಡಿದು ರಸ್ತೆಯಲ್ಲಿ ನಡೆಯುವುದು, ಎಲ್ಲವನ್ನೂ ಹೊಸದಾಗಿ ಕಲಿತು ತಮ್ಮ ತಮ್ಮ ಮನೆಗೆ ಮರಳುತ್ತಿದ್ದರು. ಹುಡುಗರಿಗೆ ತೋಟ ಅಗೆಯುವ ಕೆಲಸ ಸಿಕ್ಕಿತು, ಕೆಲವರಿಗೆ ಪೇಪರು ಓದಿ ಹೇಳುವ ಕೆಲಸ, ಅಚ್ಚುಕಟ್ಟಮ್ಮನಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಮಧ್ಯಾಹ್ನವಾಯಿತೆಂದರೆ ಮೇಷ್ಟ್ರು ತಲೆ ಎಣಿಸಿಕೊಂಡು ಎಲ್ಲರನ್ನೂ ಊರು ನೋಡಲು ಹೊರಡಿಸುತ್ತಿದ್ದರು.

ಅಡುಗೆಮನೆಗೆ ಕಾಲಿಟ್ಟ ದಿನವೇ ಅವಳಿಗೆ ಜೀವ ಹಿಂಡಿದಂತಾಯಿತು. ಉಪ್ಪಿನ ಡಬ್ಬಿ ಕಿಟಕಿ ಕಟ್ಟೆಯ ಮೇಲೆ, ಅದೂ ಸೋಪಿನ ಪಕ್ಕ. ಅದರಂಥದೇ ಇನ್ನೊಂದು ಡಬ್ಬಿಗೆ ಹಳೆಯ ರಬ್ಬರ್ ಬ್ಯಾಂಡ್ ಸುತ್ತಿ ಒಲೆಯ ಹಿಂದೆ ತಳ್ಳಿದ್ದರು. ಹಿಡಿ ಒಡೆದ ಮಗ್ಗಿನಲ್ಲಿ ಚಾಕುಗಳು. ಒಲೆಯ ಅಂಚಿಗೆ ಒದ್ದೆ ಬಟ್ಟೆಯೊಂದು ಮಡಚಿ ಬಿದ್ದಿತ್ತು. ಇವೆಲ್ಲ ಸಾಲದು ಎಂಬಂತೆ, ಅಡುಗೆಮನೆಗೆ ಬರುವ ಓಣಿಯ ನಟ್ಟ ನಡುವೆ ಒಂದು ಮರದ ಕುರ್ಚಿ! ಬಂದವರ ಮೊಣಕಾಲಿಗೆ ಬಡಿಯಲೆಂದೇ ಇಟ್ಟಂತಿತ್ತು. ಪಾಪ, ಕಣ್ಣಿಲ್ಲದ ಜನ, ಯಾರು ಇವರಿಗೆ ಓರಣ ಮಾಡಿಕೊಡಬೇಕು ಎಂದುಕೊಂಡಳು.

ಮನೆಯ ಮೇಲ್ವಿಚಾರಕಿ ಮೊದಲ ದಿನವೇ, ಯಾವ ವಸ್ತುವನ್ನೂ ಅಲ್ಲಾಡಿಸಬೇಡಿ ಎಂದು ಹೇಳಿದ್ದರು. ಅಚ್ಚುಕಟ್ಟಮ್ಮ ಅದನ್ನು ಕೇಳಿಸಿಕೊಂಡಿದ್ದಳು, ಒಪ್ಪಿಯೂ ಇದ್ದಳು. ಆದರೆ ಅಲ್ಲಾಡಿಸುವುದು ಬೇರೆ, ಸರಿಮಾಡುವುದು ಬೇರೆ. ಸರಿಮಾಡಿದರೆ ಯಾರಿಗಾದರೂ ತೊಂದರೆಯಾಗಬಹುದು ಎಂಬ ಯೋಚನೆ ಅವಳ ವಂಶದಲ್ಲೇ ಯಾರಿಗೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ತಂಡವೆಲ್ಲ ವಸ್ತು ಸಂಗ್ರಹಾಲಯ ನೋಡಲು ಹೋಯಿತು, ಮನೆಯವರೆಲ್ಲ ಮೇಲ್ವಿಚಾರಕಿಯ ಜೊತೆ ನಡಿಗೆ ಅಭ್ಯಾಸಕ್ಕೆ ಪಾರ್ಕಿಗೆ ಹೋದರು. ತಲೆನೋವೆಂದು ಉಳಿದುಕೊಂಡ ಅಚ್ಚುಕಟ್ಟಮ್ಮ ಟೊಂಕ ಕಟ್ಟಿ ಕೆಲಸಕ್ಕಿಳಿದಳು. ಡಬ್ಬಿಗಳನ್ನೆಲ್ಲ ಉಜ್ಜಿ ಒರೆಸಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದಳು. ಜಿಡ್ಡು ಹಿಡಿದ ರಬ್ಬರ್ ಬ್ಯಾಂಡನ್ನು ಕಿತ್ತು ಕಸಕ್ಕೆ ಹಾಕಿದಳು. ಒದ್ದೆ ಬಟ್ಟೆಯನ್ನು ಒಗೆದು ಹಿತ್ತಲಲ್ಲಿ ಒಣಹಾಕಿದಳು. ಓಣಿಯ ಕುರ್ಚಿಯನ್ನು ಊಟದ ಕೋಣೆಗೆ ಸಾಗಿಸಿದಳು. ಕೊನೆಗೆ ಒಂದೊಂದು ಡಬ್ಬಿಗೂ ಚಂದದ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದಳು. ಯಾರು ಓದಲೆಂದು ಅಂಟಿಸಿದಳೋ, ಅದನ್ನು ಅವಳನ್ನೇ ಕೇಳಬೇಕು. ಫೋಟೊ ತೆಗೆದು ಮನೆಗೆ ಕಳಿಸಿದಳು. ಅಮ್ಮನಿಂದ ತಕ್ಷಣ ಉತ್ತರ ಬಂತು: "ನನ್ನ ಮಗಳು!"

ಸಂಜೆ ಮೊದಲು ಒಳಗೆ ಬಂದದ್ದು ಅಲ್ಲಿ ಕಲಿಯುತ್ತಿದ್ದ ಬಡಗಿ ತಾತ. ಅವನ ಲೆಕ್ಕದಲ್ಲಿ ಮೊಣಕಾಲಿಗೆ ಕುರ್ಚಿ ತಗುಲಿದಾಗ ಎಡಕ್ಕೆ ತಿರುಗಿದರೆ ಅಡುಗೆಮನೆ. ಕುರ್ಚಿ ತಗುಲಲೇ ಇಲ್ಲ. ತಾತ ನೇರ ಹೋಗಿ ಗೋಡೆಗೆ ಹಣೆ ಗುದ್ದಿಕೊಂಡು, "ಯಾವನೋ ನನ್ನ ಕುರ್ಚಿ ತಿಂದ್ಕೊಂಡ!" ಎಂದು ಕೂಗಿದ. ಅವನ ಹಣೆಯನ್ನು ಎಲ್ಲರೂ ವಿಚಾರಿಸುತ್ತಿರುವಷ್ಟರಲ್ಲಿ ಅಡುಗೆಮನೆಯಿಂದ ಇನ್ನೊಂದು ಕೂಗು ಕೇಳಿಸಿತು.

ಅದು ಕಂಡಕ್ಟರಮ್ಮನದು. ಇಪ್ಪತ್ತು ಚಿಲ್ಲರೆ ವರ್ಷ ಇದೇ ಊರಿನ ಬಸ್ಸುಗಳಲ್ಲಿ ಟಿಕೆಟು ಹರಿದವಳು. ಅಷ್ಟು ವರ್ಷ ಗದ್ದಲದ ಮೇಲೆ ಗದ್ದಲ ಮಾಡಿ ಮಾಡಿ ಅವಳ ದನಿ ಸಣ್ಣದಾಗುವುದನ್ನೇ ಮರೆತಿತ್ತು. ಕಣ್ಣಿನ ನರ ಒಣಗುತ್ತ ಬಂದು, ಮೊದಲು ಬೋರ್ಡು ಕಾಣದಾಯಿತು, ಆಮೇಲೆ ಬಸ್ಸೇ ಕಾಣದಾಯಿತು. ಚಹಾಕ್ಕೆ ನೀರಿಡಲು ಬಂದವಳು ಒಲೆ ಹಚ್ಚಿ, ಎಂದಿನಂತೆ ಒಲೆಯ ಅಂಚಿನ ಒದ್ದೆ ಬಟ್ಟೆಗಾಗಿ ಕೈ ಚಾಚಿದ್ದಳು. ಅವಳ ಕೈಗೆ ಅದು ಗಡಿಕಲ್ಲು, ಅದರಾಚೆ ಉರಿ ಎಂದು ಗೊತ್ತು. ಬಟ್ಟೆ ಇರಲಿಲ್ಲ, ಅಂಗೈ ನೇರ ಬೆಂಕಿಗೇ ಹೋಯಿತು.

ಆ ರಾತ್ರಿಯ ತರಕಾರಿ ಸೂಪು, ರಬ್ಬರ್ ಬ್ಯಾಂಡಿನ ಗುರುತು ಹೋದ ಡಬ್ಬಿಯ ಸಕ್ಕರೆ ಬಿದ್ದು ಪಾಯಸವಾಗಿತ್ತು. ಊಟದ ಮೇಜಿನಲ್ಲಿ ಎಲ್ಲರೂ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಹುಡುಗಿ ಎದ್ದು ನಿಂತು, "ನಾನು... ಸರಿಮಾಡಿದ್ದೆ" ಎಂದಳು. ಎರಡು ವರ್ಷ ಕಲಿತ ಭಾಷೆಯಲ್ಲಿ ಅದಕ್ಕಿಂತ ಹೆಚ್ಚಿನ ಮಾತು ಅವಳಿಗೆ ಸಿಗಲಿಲ್ಲ. ಮಾತೃಭಾಷೆಯಲ್ಲೂ ಸಿಗುತ್ತಿರಲಿಲ್ಲ ಬಿಡಿ.

ಮರುದಿನ ಬೆಳಿಗ್ಗೆ ಕಂಡಕ್ಟರಮ್ಮನ ಮಗಳು ಬಂದಳು. ಬ್ಯಾಂಕಿನಲ್ಲಿ ಕೆಲಸ, ಮುಖದಲ್ಲಿ ದುಗುಡ. ತಾಯಿಯ ಕೈಗೆ ಕಟ್ಟಿದ ಬ್ಯಾಂಡೇಜು ನೋಡಿದ್ದೇ ತಡ, ಅವಳ ಕಣ್ಣಲ್ಲಿ ನೀರು ದಳದಳ ಸುರಿಯಿತು.

"ಸಾಕಮ್ಮ ಇದು. ಪರೀಕ್ಷೆನೂ ಬೇಡ, ಮನೆನೂ ಬೇಡ. ನಮ್ಮನೇಲಿ ರೂಮು ಖಾಲಿ ಬಿದ್ದಿದೆ. ನಡಿ."

"ಬರೋ ಶುಕ್ರವಾರ ಪರೀಕ್ಷೆ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರು" ಎಂದಳು ತಾಯಿ.

ಪರೀಕ್ಷೆಯೆಂದರೆ ಇದು. ಕಲಿಕೆಮನೆಯಲ್ಲಿ ಕಲಿತು ಮುಗಿಸಿದವರಿಗೆ ನಗರಸಭೆ ಒಂದು ಕೋಣೆಯ ಸಣ್ಣ ಮನೆ ಕೊಡುತ್ತಿತ್ತು. ಆದರೆ ಮೊದಲು ಪರೀಕ್ಷಕರು ಆ ಮನೆಗೇ ಬಂದು ನೋಡುತ್ತಿದ್ದರು. ಒಬ್ಬರೇ ಅಂಗಡಿಗೆ ಹೋಗಿ ಸಾಮಾನು ತರಬೇಕು, ಒಬ್ಬರೇ ಒಲೆ ಹಚ್ಚಿ ಚಹಾ ಮಾಡಿ ಕೊಡಬೇಕು. ಯಾರೂ ಕೈ ಹಚ್ಚಕೂಡದು, ಬಾಯಿ ಬಿಡಕೂಡದು. ಆಗದಿದ್ದರೆ ಮನೆ ಸಾಲಿನಲ್ಲಿರುವ ಮುಂದಿನವರಿಗೆ. ಹೀಗಾಗಿ ಕಂಡಕ್ಟರಮ್ಮ ಶುಕ್ರವಾರ ಸೋತರೆ ಮಗಳ ಮನೆಯ ಖಾಲಿ ರೂಮು ಬಿಟ್ಟು ಬೇರೆ ದಾರಿ ಇರಲಿಲ್ಲ.

ಮೇಷ್ಟ್ರು ಹುಡುಗಿಯನ್ನು ತೋಟಕ್ಕೆ ವರ್ಗಾಯಿಸಿದರು. ಅವಳು ಮಣ್ಣು ಕೆದಕುವ ನೆಪದಲ್ಲಿ ಮುಖ ಬಗ್ಗಿಸಿಕೊಂಡು ಅಳುತ್ತ ಕೂತಿದ್ದಾಗ, ಒಳಗಿನಿಂದ ಜಗಳದ ಸದ್ದು ಕೇಳಿಸುತ್ತಿತ್ತು. ಡಬ್ಬಿಗಳನ್ನು ಮೊದಲಿನ ಜಾಗಕ್ಕೆ ಇಡುವ ಕೆಲಸ ನಡೆದಿತ್ತು. ಉಪ್ಪು ಮೊಣಕೈ ಎತ್ತರದಲ್ಲಿತ್ತು ಎಂದು ಬಡಗಿ ತಾತ, ಯಾರ ಮೊಣಕೈ ಎಂದು ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಕೋಲಿನ ಟಕಟಕ ಸದ್ದು ತೋಟಕ್ಕೇ ಬಂತು.

"ಎಲ್ಲಿದೀಯಾ ಹುಡುಗಿ? ಮೂಗು ಸೊರಸೊರ ಅನ್ನಿಸ್ತಿರೋದು ನೀನೇ ತಾನೆ?"

ಹುಡುಗಿ ಎದ್ದು ನಿಂತಳು. "ಕಂಡಕ್ಟರಮ್ಮ, ನನ್ನಿಂದ ನಿಮ್ಮ ಕೈ..."

"ಕೈ ವಾಸಿಯಾಗುತ್ತೆ. ನಾನು ಬಸ್ಸಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟುಗಳ್ನ ನೋಡಿದೀನಿ. ತಪ್ಪು ಬಸ್ಸು ಹತ್ತಿದೋರನ್ನೆಲ್ಲ ಬೈಕೊಂಡು ಕೂತಿದ್ರೆ ಟಿಕೆಟ್ ಕೊಡೋಕೆ ಟೈಮೇ ಇರ್ತಿರಲಿಲ್ಲ. ಈಗ ಹೇಳು, ನಿನಗೆ ಸಾಮಾನು ಜೋಡಿಸೋ ಕಾಯಿಲೆ ಹುಟ್ಟಿದಾಗಿನಿಂದಲೇ ಇದೆಯಾ?"

"ಇದೆ" ಎಂದಳು ಹುಡುಗಿ ತಲೆ ತಗ್ಗಿಸಿ. ತಲೆ ತಗ್ಗಿಸಿದ್ದು ಕಂಡಕ್ಟರಮ್ಮನಿಗೆ ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು.

"ಒಳ್ಳೇದಾಯ್ತು. ನನ್ನ ಹೊಸಮನೇಲಿ ಸಾಮಾನು ಇಡ್ಬೇಕು. ಮೇಲ್ವಿಚಾರಕಿಗೆ ಪುರುಸೊತ್ತಿಲ್ಲ. ಮಗಳನ್ನ ಕರೆದ್ರೆ ಅವಳಿಗೆ ಸರಿ ಕಂಡ ಹಾಗೆ ಇಡ್ತಾಳೆ. ನಿಮ್ಮ ತಂಡದ ಹುಡುಗರೋ, ಎತ್ಲಾಗಾದ್ರೂ ಇಡ್ತಾರೆ. ನಾನು ಇಲ್ಲಿಡು ಅಂದ್ರೆ ಒಂದು ಬೆರಳೂ ಆಚೀಚೆ ಆಗದ ಹಾಗೆ ಅಲ್ಲೇ ಇಡೋರು ಬೇಕು. ಆ ಕಾಯಿಲೆ ಇರೋದು ನಿನಗೊಬ್ಬಳಿಗೇ."

ಮೇಷ್ಟ್ರು ಮೊದಲು ಒಪ್ಪಲಿಲ್ಲ. ದೊಡ್ಡ ಕೆರೆ, ಹಳೇ ಕೋಟೆ, ಎಲ್ಲ ತಪ್ಪಿಹೋಗುತ್ತದೆ ಎಂದು ಹುಡುಗಿಯನ್ನು ಎಚ್ಚರಿಸಿದರು. ತಪ್ಪಿದರೆ ತಪ್ಪಲಿ ಎಂದಳು ಅವಳು. ನಿಜ ಹೇಳಬೇಕೆಂದರೆ ಕೋಟೆ ನೋಡುವ ಮುಖವೇ ಅವಳಿಗೆ ಉಳಿದಿರಲಿಲ್ಲ.

ಅಂದಿನಿಂದ ಮಧ್ಯಾಹ್ನಗಳಲ್ಲಿ ಇಬ್ಬರೂ ಬಸ್ಸು ಹಿಡಿದು ಹೊಸಮನೆಗೆ ಹೋಗತೊಡಗಿದರು. ಕಂಡಕ್ಟರಮ್ಮ ಕಿಟಕಿ ಪಕ್ಕದ ಸೀಟು ಹುಡುಗಿಗೆ ಬಿಟ್ಟುಕೊಟ್ಟು, ತಾನು ಕಂಬಿ ಹಿಡಿದು ಊರು ತೋರಿಸುತ್ತಿದ್ದಳು. ಬಸ್ಸು ಒಮ್ಮೆ ಜೋಲಿ ಹೊಡೆದರೆ, "ಈಗ ಎಡಗಡೆ ಗಡಿಯಾರದ ಗೋಪುರ, ನೋಡು, ಅದು ಸರಿಯಾದ ಟೈಮು ತೋರಿಸಿದ್ದನ್ನ ನಾನಂತೂ ಕಂಡಿಲ್ಲ." ಬಸ್ಸು ಏದುಸಿರು ಬಿಟ್ಟು ದಿಬ್ಬ ಹತ್ತಿದರೆ, "ಇದು ಆಸ್ಪತ್ರೆ ಏರು. ನನ್ನ ಮಗಳು ಹುಟ್ಟಿದ್ದು ಇಲ್ಲೇ, ಡ್ಯೂಟಿ ಮುಗಿಸಿ ಅದೇ ಬಸ್ಸಲ್ಲಿ ಹೋಗಿ ಹೆತ್ತೆ." ಬಸ್ಸಿನ ಜನರೆಲ್ಲ ಪುಕ್ಕಟೆ ಪ್ರವಾಸ ಸಿಕ್ಕಿತೆಂದು ಕಿವಿಗೊಟ್ಟು ಕೇಳುತ್ತಿದ್ದರು.

"ಈಗ ಬಲಗಡೆ ಸಿನಿಮಾ ಟಾಕೀಸು. ಎಷ್ಟು ದೊಡ್ಡ ಪೋಸ್ಟರು ಹಾಕಿದಾರೆ ಇವತ್ತು?"

ಹುಡುಗಿ ಕಿಟಕಿಯಾಚೆ ನೋಡಿದಳು. ಸುಮ್ಮನೆ ಹೂಂ ಅನ್ನಬಹುದಾಗಿತ್ತು. ಆದರೆ ಸುಳ್ಳು ಹೇಳಿದರೆ ಈ ಹೆಂಗಸಿನ ಊರಿನಲ್ಲೂ ಒಂದು ಕುರ್ಚಿ ಜಾಗ ತಪ್ಪಿಸಿದಂತೆ ಎಂದು ಅನಿಸಿತು. "ಟಾಕೀಸು ಇಲ್ಲ, ಕಂಡಕ್ಟರಮ್ಮ. ಅಂಗಡಿ ಇದೆ, ಉದ್ದಕ್ಕೂ ಗಾಜು."

ಕಂಡಕ್ಟರಮ್ಮ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಆಮೇಲೆ, "ಏನು ಅಂಗಡಿ?" ಎಂದಳು.

"ಬೂಟು, ಚಪ್ಪಲಿ."

"ಸರಿ. ಇನ್ಮೇಲೆ ಇಲ್ಲಿ ಬೂಟಂಗಡಿ" ಎಂದು ತನಗೆ ತಾನೇ ಹೇಳಿಕೊಂಡು, "ಹೀಗೇ ಹೇಳ್ತಾ ಹೋಗು. ಯಾರೂ ಹೇಳಲ್ಲ ನನಗೆ" ಎಂದಳು.

ಹೊಸಮನೆ ಎರಡನೇ ಮಹಡಿಯಲ್ಲಿತ್ತು. ಒಂದು ಕೋಣೆ, ಅದರ ಮೂಲೆಯಲ್ಲಿ ಅಡುಗೆ ಕಟ್ಟೆ, ರಸ್ತೆಗೆ ತೆರೆದ ಒಂದು ಕಿಟಕಿ, ಒಂದು ಮಂಚ, ಮೇಜು, ನಾಲ್ಕು ಕುರ್ಚಿ. ಕಂಡಕ್ಟರಮ್ಮ ಒಳಗೆ ನಿಂತು ಎರಡೂ ಕೈ ಚಾಚಿ, ತಾನು ನಿಂತಲ್ಲಿ ಕೈ ಎಲ್ಲಿ ಬೀಳುತ್ತದೆಂದು ನೋಡುತ್ತಿದ್ದಳು. ಕೈ ಬಿದ್ದ ಜಾಗದಲ್ಲಿ ಹುಡುಗಿ ಸಾಮಾನು ಇಡಬೇಕು. ಎಡಗೈ ಗೋಡೆ ಮುಟ್ಟಿದಾಗ ಬಲಗೈ ಬಿದ್ದಲ್ಲಿ ಚಹಾಪುಡಿ. ಅಲ್ಲಿಂದ ಒಂದು ಗೇಣು ಈಚೆಗೆ ಸಕ್ಕರೆ. ಡಬ್ಬಿಗಳು ಕಟ್ಟೆಯ ನಡುವೆ ಓರೆಕೋರೆಯಾಗಿ, ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತವು. ನೋಡಲು ಅಷ್ಟು ಅಡ್ಡಾದಿಡ್ಡಿ ಎಂದರೆ ಹುಡುಗಿಯ ಬೆರಳುಗಳು ತಾವಾಗಿ ತುಡಿಯುತ್ತಿದ್ದವು. ಅವಳು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಳು. ಒಮ್ಮೆ ಕಣ್ಣು ಮುಚ್ಚಿ ತಾನೂ ಹಾಗೆ ಕೈ ಚಾಚಿ ನೋಡಿದಳು. ಚಹಾಪುಡಿ ಸೀದಾ ಅಂಗೈಗೆ ಬಂತು. ಕಣ್ಣು ಬಿಟ್ಟರೆ ಮತ್ತೆ ಅದೇ ಅಧ್ವಾನ.

"ಮಗಳ ಮನೇಲಿ ನಿಮಗೆ ಚೆನ್ನಾಗಿರಲ್ವಾ?" ಎಂದು ಒಂದು ಮಧ್ಯಾಹ್ನ ಹುಡುಗಿ ಕೇಳಿಯೇಬಿಟ್ಟಳು.

ಕಂಡಕ್ಟರಮ್ಮ ಮಂಚದ ಮೇಲೆ ಕೂತಳು. "ಮಗಳು ಬಂಗಾರದಂಥೋಳು. ಹೋದ ವರ್ಷ ಅಲ್ಲೇ ಇದ್ದೆ. ಏನೂ ಕಮ್ಮಿ ಮಾಡ್ಲಿಲ್ಲ. ಕೂತಲ್ಲಿಗೆ ಊಟ, ಕೂತಲ್ಲಿಗೆ ಚಹಾ. ನೀರು ಬಗ್ಗಿಸಿಕೊಳ್ಳೋಕೆ ಎದ್ರೆ ಓಡಿ ಬರೋಳು, ಅಮ್ಮಾ ಬಿಡು ಬಿಡು ಅಂತ. ಬಿಟ್ಟೆ. ಒಂದೊಂದಾಗಿ ಎಲ್ಲಾ ಬಿಟ್ಟೆ. ಒಂದಿನ ನೋಡ್ಕೋತೀನಿ, ಬ್ಲೌಸಿನ ಗುಂಡಿ ಹಾಕ್ಕೊಳ್ಳೋದೂ ನನಗೆ ಮರ್ತೋಗಿದೆ. ಅವತ್ತು ಹೆದರಿಕೊಂಡೆ ನೋಡು. ಕಣ್ಣು ಹೋದಾಗ ಅಷ್ಟು ಹೆದರಿರ್ಲಿಲ್ಲ."

ಹುಡುಗಿ, ಶುಕ್ರವಾರ ಈಕೆ ಗೆಲ್ಲಬೇಕು ಎಂದು ತನ್ನ ಸ್ವಂತ ಪರೀಕ್ಷೆಗೂ ಬೇಡಿಕೊಳ್ಳದಷ್ಟು ತೀವ್ರವಾಗಿ ಬೇಡಿಕೊಂಡಳು.

ಶುಕ್ರವಾರ ಪರೀಕ್ಷಕರು ಬಂದರು. ತೆಳ್ಳನೆಯ ಮನುಷ್ಯ, ವಿಪರೀತ ನೆಗಡಿ. ಕೈಯಲ್ಲಿ ಪೆನ್ನಿಗಿಂತ ಕರವಸ್ತ್ರವೇ ಹೆಚ್ಚು ಹೊತ್ತು ಇರುತ್ತಿತ್ತು. ಮಗಳು ರಜೆ ಹಾಕಿ ಬಂದಿದ್ದಳು. ಮನೆ ಜೋಡಿಸಿದವಳೆಂದು ಹುಡುಗಿಗೂ ಅಲ್ಲಿರಲು ಅನುಮತಿ ಸಿಕ್ಕಿತು. "ಕೈಯೂ ಇಲ್ಲ, ಮಾತೂ ಇಲ್ಲ. ಯಾರು ಸಹಾಯ ಮಾಡಿದ್ರೂ ಪರೀಕ್ಷೆ ಅಲ್ಲಿಗೇ ಮುಗೀತು" ಎಂದು ಪರೀಕ್ಷಕರು ಇಬ್ಬರ ಕಡೆಗೂ ನೋಡಿ ಹೇಳಿದರು. ಕಂಡಕ್ಟರಮ್ಮ ಕೋಲು ಹಿಡಿದು, ಬ್ಯಾಂಡೇಜಿನ ಕೈಯಲ್ಲಿ ಚೀಲ ನೇತುಹಾಕಿಕೊಂಡು, ಬ್ರೆಡ್ಡು ತರಲು ಮೆಟ್ಟಿಲಿಳಿದಳು.

ಮೂವರೂ ಕಿಟಕಿಗೆ ಬಂದು ನಿಂತರು. ಅಂಗಡಿ ದೂರವೇನಲ್ಲ. ರಸ್ತೆಯ ಇದೇ ಬದಿಯಲ್ಲಿ, ಮೂಲೆ ತಿರುಗಿದರೆ ಸಿಗುತ್ತಿತ್ತು. ಕಂಡಕ್ಟರಮ್ಮ ಸಲೀಸಾಗಿ ಮೂಲೆಯವರೆಗೆ ನಡೆದಳು. ಅಲ್ಲಿ ಯಾವನೋ ಪುಣ್ಯಾತ್ಮ ಫುಟ್‌ಪಾತಿನ ಮೇಲೇ ವ್ಯಾನು ಹತ್ತಿಸಿ ನಿಲ್ಲಿಸಿದ್ದ. ಕೋಲು ವ್ಯಾನಿಗೆ ತಗುಲಿತು. ಅವಳು ನಿಂತಳು. ಅದರ ಉದ್ದಗಲ ಕೋಲಿನಿಂದ ತಟ್ಟಿ ನೋಡಿ, ಸುತ್ತಿ ಹೋಗಲೆಂದು ರಸ್ತೆಯ ಅಂಚಿಗೆ ಬಂದು ವಾಹನಗಳ ಸದ್ದಿಗೆ ಕಿವಿಗೊಟ್ಟಳು.

ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಹಳದಿ ಬಣ್ಣ ಕಾಣಿಸಿತು.

ಅಚ್ಚುಕಟ್ಟಮ್ಮ ಕಿಟಕಿಗೆ ಮುಖ ಒತ್ತಿದಳು. ಮೇಷ್ಟ್ರ ತಂಡ ಕೆರೆಗೆ ಹೊರಟಿತ್ತು. ಎಲ್ಲರಿಗಿಂತ ಮುಂದೆ ಇದ್ದದ್ದು ಉದ್ದ ಹುಡುಗ ಮತ್ತು ಅವನ ಜೊತೆಗಾರ, ದಾರಿಯಲ್ಲಿ ನಾಯಿ ಕುಂಟಿದರೂ ಎತ್ತಿಕೊಳ್ಳಲು ಹೋಗುವ ಜೋಡಿ. ಕಂಡಕ್ಟರಮ್ಮನಿಗೆ ಇಂದು ಪರೀಕ್ಷೆಯೆಂದು ಅವರಿಗೆ ಗೊತ್ತಿತ್ತು. ಆದರೆ ಪರೀಕ್ಷೆಯೆಂದರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ಮಾಡುವುದು ಎಂದೇ ತಿಳಿದ ವಿದ್ಯಾರ್ಥಿಗಳು ಅವರು. ರಸ್ತೆಯ ಅಂಚಿನಲ್ಲಿ ಒಬ್ಬಳೇ ನಿಂತಿದ್ದ ಕಂಡಕ್ಟರಮ್ಮ ಕಂಡದ್ದೇ ತಡ, ಓಡಿ ಬಂದು ಆ ಕಡೆಯಿಂದೊಬ್ಬ ಈ ಕಡೆಯಿಂದೊಬ್ಬ ತೋಳು ಹಿಡಿದರು. ಅವಳು ತಲೆ ಅಲ್ಲಾಡಿಸುತ್ತಿದ್ದಳು, ಕೋಲು ಎಳೆದುಕೊಳ್ಳುತ್ತಿದ್ದಳು. ಸಂಕೋಚ ಪಡುತ್ತಿದ್ದಾಳೆಂದು ಅವರು ಇನ್ನೂ ಗಟ್ಟಿಯಾಗಿ ಹಿಡಿದು, ವಾಹನಗಳಿಗೆ ಕೈ ಅಡ್ಡ ಮಾಡಿ, ಇಡೀ ರಸ್ತೆ ದಾಟಿಸಿ ಆಚೆ ಬದಿಯಲ್ಲಿ ನಿಲ್ಲಿಸಿದರು. ಮೇಷ್ಟ್ರು ದೂರದಿಂದ ಕೂಗಿದರು. ಇಬ್ಬರೂ ಅವಳ ಭುಜ ತಟ್ಟಿ, ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ ಮತ್ತೆ ಓಡಿಹೋದರು.

ಪರೀಕ್ಷಕರು ಸೀನಿದರು. "ಸಹಾಯ ಅಂದ್ರೆ ಇದೇನಾ?" ಎಂದು ಯಾರನ್ನೂ ಕೇಳದೆ ಕೇಳಿದರು.

"ಅವಳಿಗೆ ಆ ಕಡೆ ಏನೂ ಗೊತ್ತಿಲ್ಲ! ಅಯ್ಯೋ, ನನ್ನಮ್ಮ!" ಮಗಳು ಬಾಗಿಲಿಗೆ ಓಡಿದಳು.

ಓಡಿದವಳಿಗಿಂತ ಮೊದಲು ಅಚ್ಚುಕಟ್ಟಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹೇಗೆ ಬಂದು ನಿಂತಳೋ ಅವಳಿಗೇ ತಿಳಿಯಲಿಲ್ಲ. ಕಂಡವರ ದೇಶದಲ್ಲಿ, ತನಗಿಂತ ಎಷ್ಟೋ ದೊಡ್ಡವಳಿಗೆ ಅವಳು ಅಡ್ಡ ಬಂದಿದ್ದಳು.

"ಬೇಡಿ ಅಕ್ಕ. ಹೋಗಬೇಡಿ."

"ದಾರಿ ಬಿಡು! ನಿನ್ನಿಂದ ಅವಳ ಕೈ ಸುಟ್ಟಿದ್ದು ಸಾಲ್ದಾ?"

"ಸುಟ್ಟಿದ್ದು ನಾನೇ. ಒಳ್ಳೇದು ಮಾಡೋಕೆ ಹೋಗಿ ಸುಟ್ಟೆ. ಆ ಹುಡುಗರೂ ಒಳ್ಳೇದು ಮಾಡೋಕೇ ಹೋದ್ರು. ಈಗ ನೀವೂ ಹೋದ್ರೆ ಎಲ್ಲಾ ಮುಗೀತು, ಅಕ್ಕ. ನೀವು ಹೋಗೋವರೆಗೂ ನಿಮ್ಮಮ್ಮ ಸೋತಿಲ್ಲ."

ಮಗಳ ಕೈ ಹುಡುಗಿಯ ಭುಜದ ಮೇಲಿತ್ತು, ತಳ್ಳಲೆಂದೇ ಇಟ್ಟದ್ದು. ತಳ್ಳಿದ್ದರೆ ಹುಡುಗಿ ಬೀಳುತ್ತಿದ್ದಳು, ಅಷ್ಟು ಬಲವೆಲ್ಲ ಅವಳಲ್ಲಿರಲಿಲ್ಲ. ಆಗ ಕಿಟಕಿಯ ಬಳಿಯಿಂದ ಪರೀಕ್ಷಕರು, "ಇಲ್ಲಿ ಬನ್ನಿ. ನೋಡಿ" ಎಂದರು.

ಆಚೆ ಬದಿಯಲ್ಲಿ ಕಂಡಕ್ಟರಮ್ಮ ಅಲ್ಲಾಡದೆ ನಿಂತಿದ್ದಳು. ಯಾರನ್ನೂ ಕೂಗಲಿಲ್ಲ. ತಲೆಯನ್ನು ಸ್ವಲ್ಪ ಓರೆ ಮಾಡಿ ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಕೋಲಿನಿಂದ ಹಿಂದೆ ತಡವಿ, ಗೋಡೆ ಸಿಕ್ಕಿದ ಮೇಲೆ ಅದಕ್ಕೆ ಬೆನ್ನು ತಾಗಿಸಿ, ತನ್ನನ್ನು ತಾನು ರಸ್ತೆಗೆ ನೇರವಾಗಿ ತಿರುಗಿಸಿಕೊಂಡಳು. ಸೀದಾ ನಡೆದು ಅಂಚಿಗೆ ಬಂದಳು. ದೂರದಲ್ಲಿ ಒಂದು ಬಸ್ಸು ಬರುತ್ತಿತ್ತು. ಅದರ ಸದ್ದನ್ನು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಚೀಲ ನೇತಾಡುತ್ತಿದ್ದ ಬ್ಯಾಂಡೇಜಿನ ಕೈಯನ್ನು ಅವಳು ಮೇಲೆತ್ತಿದಳು. ಬೇಡುವ ಕೈಯಲ್ಲ ಅದು, ನಿಲ್ಲಿಸುವ ಕೈ.

ಬಸ್ಸು ನಿಂತಿತು. ಡ್ರೈವರನಿಗೆ ಗುರುತು ಸಿಕ್ಕಿತೋ, ಆ ಕೈಯ ಗತ್ತಿಗೇ ಬ್ರೇಕು ಹಾಕಿದನೋ ಯಾರಿಗೂ ಗೊತ್ತಾಗಲಿಲ್ಲ. ಅದರ ಹಿಂದೆ ಬರುತ್ತಿದ್ದವೂ ಸಾಲಾಗಿ ನಿಂತವು. ಕಂಡಕ್ಟರಮ್ಮ ಅವಸರವಿಲ್ಲದೆ ರಸ್ತೆ ದಾಟಿ ಈಚೆ ಬಂದಳು, ವ್ಯಾನಿಗೆ ಕೋಲಿನಿಂದ ಬೇಕೆಂದೇ ಒಂದೇಟು ಜೋರಾಗಿ ಕೊಟ್ಟಳು, ಅದನ್ನು ಸುತ್ತಿಕೊಂಡು ಮೂಲೆಯಲ್ಲಿ ಮರೆಯಾದಳು. ಮಗಳು ಕಿಟಕಿಯ ಸರಳು ಹಿಡಿದುಕೊಂಡೇ ಇದ್ದಳು.

ಮೆಟ್ಟಿಲ ಮೇಲೆ ಕೋಲಿನ ಸದ್ದು ಬಂದಾಗ ಮೂವರೂ ಏನೂ ಆಗದವರಂತೆ ಕುರ್ಚಿಗಳಲ್ಲಿ ಕೂತಿದ್ದರು. ಕಂಡಕ್ಟರಮ್ಮ ಬ್ರೆಡ್ಡನ್ನು ಮೇಜಿನ ಮೇಲಿಟ್ಟಳು. ಕಟ್ಟೆಯ ಬಳಿ ಹೋಗಿ ಎಡಗೈಯಿಂದ ಗೋಡೆ ಮುಟ್ಟಿದಳು. ಬಲಗೈ ಚಹಾಪುಡಿಯ ಮೇಲೆ ಬಿತ್ತು, ಅಲ್ಲ, ಚಹಾಪುಡಿಯೇ ಕೈಗೆ ಬಂತು. ಸಕ್ಕರೆ ಬಂತು, ಲೋಟಗಳು ಬಂದವು, ಒಲೆಯ ಅಂಚಿನ ಒದ್ದೆ ಬಟ್ಟೆ ಬಂತು. ಪ್ರತಿ ಸಲವೂ ಹುಡುಗಿಯ ಮೈ ಜುಮ್ಮೆಂದಿತು. ತಾನು ಹುಟ್ಟಿದಾಗಿನಿಂದ ಜೋಡಿಸಿದ್ದರಲ್ಲೆಲ್ಲ ಇಷ್ಟು ಚಂದದ ಜೋಡಣೆ ಇನ್ನೊಂದಿಲ್ಲ ಎಂದುಕೊಂಡಳು. ಡಬ್ಬಿಗಳು ಮಾತ್ರ ಮೊದಲಿನಂತೆ ಓರೆಯಾಗಿಯೇ ಇದ್ದವು.

ಪರೀಕ್ಷಕರು ಚಹಾ ಕುಡಿದರು. ನೆಗಡಿಗೆ ಹಿತವಾಯಿತೆಂದು ಕಾಣುತ್ತದೆ, ಇನ್ನೊಂದು ಲೋಟ ಕೇಳಿದರು.

"ಪರೀಕ್ಷೇಲಿ ರಸ್ತೆ ದಾಟೋದು ಇರ್ಲಿಲ್ಲ. ಅಂಗಡಿ ಈ ಬದೀಲೇ ಇತ್ತು" ಎಂದರು.

"ಗೊತ್ತು ಸ್ವಾಮಿ. ನಾನೇನು ಷೋಕಿಗೆ ಹೋದ್ನಾ? ಹೊತ್ಕೊಂಡು ಹೋದ್ರು! ಸಹಾಯ ಅಂತ ಬರ್ಕೊಳ್ಳೋದಾದ್ರೆ ಬರ್ಕೊಳ್ಳಿ. ಆದ್ರೆ ಇದೇ ಥರ ಒಂದು ಸಹಾಯ ನಿಮಗೂ ಯಾರಾದ್ರೂ ಮಾಡ್ಲಿ."

ಪರೀಕ್ಷಕರು ನಗಲು ಹೋಗಿ ಸೀನಿದರು. ಜೇಬಿನಿಂದ ಬೀಗದ ಕೈ ತೆಗೆದು ಅವಳ ಅಂಗೈಗೆ ಕೊಡಲು ಕೈ ಚಾಚಿದವರು, ಒಂದು ಗಳಿಗೆ ಯೋಚಿಸಿ ಅದನ್ನು ಮೇಜಿನ ಮೇಲಿಟ್ಟರು. "ಬೀಗದ ಕೈ ನಿಮ್ಮ ಲೋಟದ ಪಕ್ಕ ಇದೆ. ಮನೆ ನಿಮ್ಮದು."

ಕಂಡಕ್ಟರಮ್ಮನ ಕೈ ಮೇಜಿನ ಮೇಲೆ ಹರಿದು, ಬೀಗದ ಕೈಯನ್ನು ಮುಟ್ಟಿ, ಅಲ್ಲೇ ನಿಂತಿತು. ಮಗಳು ಬಿಕ್ಕುತ್ತ ತಾಯಿಯನ್ನು ತಬ್ಬಿಕೊಂಡಳು. ಹುಡುಗಿಯೂ ಧಾರಾಳವಾಗಿ ಅತ್ತಳು. ಪರೀಕ್ಷಕರು ಮೂಗು ಒರೆಸಿಕೊಂಡದ್ದು ನೆಗಡಿಯಿಂದಲೇ ಇರಬೇಕು.

ತಬ್ಬಿಕೊಂಡದ್ದು ಸಾಕೆನಿಸಿದಾಗ ಕಂಡಕ್ಟರಮ್ಮ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು.

"ಸರಿ. ಇಳೀರಿ ಇನ್ನು. ಇಳೀರಿ, ಇಳೀರಿ, ಎಲ್ಲಾ ಇಳೀರಿ."

"ಅಮ್ಮಾ, ಇವತ್ತೊಂದಿನ ನಾನು ಜೊತೇಲಿರ್ತೀನಿ" ಎಂದಳು ಮಗಳು.

"ನಾಳೆ ಬಾ. ಬಂದಾಗ ಬಾಗಿಲು ತಟ್ಟು, ನಾನು ತೆಗಿತೀನಿ."

ಹುಡುಗಿ ಹಿಂದುಮುಂದು ನೋಡುತ್ತ ನಿಂತಿದ್ದಳು. ನಾಳಿದ್ದು ತಂಡ ಊರಿಗೆ ಹೊರಡುವುದಿತ್ತು. ಒಂದೆರಡು ಮಾತು, ಒಂದು ಬೆನ್ನು ತಟ್ಟುವಿಕೆ ಸಿಗಬಹುದೆಂದು ಅವಳ ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು.

"ನೀನೂ, ಹುಡುಗಿ" ಎಂದಳು ಕಂಡಕ್ಟರಮ್ಮ. "ಕೆರೆ ನೋಡೋಕೆ ಇನ್ನೂ ಬೆಳಕಿದೆ. ಕೆಳಗಿನ ಸ್ಟಾಪಲ್ಲಿ ಹತ್ತು, ಕಿಟಕಿ ಪಕ್ಕ ಕೂತ್ಕೋ. ಟಾಕೀಸಿನ ಥರ ಇನ್ನೇನೇನು ಹೋಗಿದೆ, ಬಂದಿದೆ, ನಾಳೆ ಬಂದು ಒಂದೂ ಬಿಡದೆ ಹೇಳ್ಬೇಕು."

ಹುಡುಗಿಗೆ ಮೊದಲು ಪಿಚ್ಚೆನಿಸಿತು. ಹೊರಗೆ ಬಂದು ಬಾಗಿಲು ಮುಚ್ಚಿಕೊಂಡಾಗ, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿದಾಗ, ಆ ಪಿಚ್ಚೆಲ್ಲ ಎಲ್ಲಿ ಹೋಯಿತೋ. ತನ್ನ ಕೈಯಾರೆ ಚಿಲಕ ಹಾಕಿಕೊಂಡ ಹೆಂಗಸಿನ ಬಾಗಿಲ ಹೊರಗೆ ನಿಲ್ಲುವುದರಲ್ಲೂ ಇಷ್ಟು ಸಂತೋಷವಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಪರೀಕ್ಷಕರು ಸೀನುತ್ತ ಇಳಿದುಹೋದರು. ಮಗಳು ಮಾತ್ರ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಒಳಗೆ ಏನೋ ಭಾರದ್ದು ನೆಲದ ಮೇಲೆ ಎಳೆದ ಸದ್ದಾಯಿತು. ಒಂದು ಸಲ ನಿಂತು, ಮತ್ತೆ ಜೋರಾಗಿ ಎಳೆದ ಸದ್ದು.

"ಏನ್ ಮಾಡ್ತಿದಾಳೆ?" ಎಂದಳು ಮಗಳು ಗಾಬರಿಯಿಂದ.

ಹುಡುಗಿ ಕಿವಿಗೊಟ್ಟು ಕೇಳಿದಳು. "ಮಂಚ ಜರುಗಿಸ್ತಿದಾರೆ."

"ಇಷ್ಟು ದಿನ ನೀವಿಬ್ಬರೂ ಅಳೆದು ಅಳೆದು ಇಟ್ಟಿದ್ರಲ್ಲ?"

"ಹೂಂ. ಈಗ ಅವರಿಗೆ ಬೇರೆ ಕಡೆ ಬೇಕು ಅನ್ನಿಸಿದೆ."

ಮಗಳ ಕೈ ಬಾಗಿಲು ತಟ್ಟಲು ಮೇಲೆದ್ದಿತು. ಹುಡುಗಿ ಅಡ್ಡ ಬರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು. ಒಳಗೆ ಮಂಚ ಗೋಡೆಗೆ ಧಡ್ಡೆಂದು ಬಡಿಯಿತು. ಅದರ ಹಿಂದೆಯೇ ಕಂಡಕ್ಟರಮ್ಮ ತನಗೆ ತಾನೇ ಜೋರಾಗಿ, "ಹಾಂ, ಇಲ್ಲಿ!" ಎಂದದ್ದು ಮೆಟ್ಟಿಲವರೆಗೂ ಕೇಳಿಸಿತು.

ಮಗಳು ಕೈ ಇಳಿಸಿ, ಅದೇ ಕೈಯಿಂದ ಕಣ್ಣೊರೆಸಿಕೊಂಡಳು. "ಬಾ, ನಿನಗೆ ಬಸ್ಸು ಹತ್ತಿಸ್ತೀನಿ" ಎಂದವಳು ನಾಲಿಗೆ ಕಚ್ಚಿಕೊಂಡು, "ಅಥವಾ ನೀನೇ ಹತ್ಕೋತೀಯಾ?" ಎಂದು ಕೇಳಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಒಳಗಿನವಳಿಗೆ ಕೇಳಿಸಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ಮೆಟ್ಟಿಲು ಇಳಿದರು.